ಬೆಂಗಳೂರಿನ ಗದ್ದಲದ ನಡುವೆ ನೆಮ್ಮದಿಯ ಒಂದು ಮೂಲೆಯನ್ನು ಹುಡುಕಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದ ಯಾರನ್ನೇ ಮಾತನಾಡಿಸಿದರೂ "ಎಲ್ಲಾದರೂ ದೂರ ಹೋಗಿ ನಾಲ್ಕು ದಿನ ಸುಮ್ಮನೆ ಇದ್ದು ಬರಬೇಕು" ಎಂಬ ಮಾತು ಬಂದೇ ಬರುತ್ತದೆ. ಆ ನಾಲ್ಕು ದಿನ ಸಿಗುವುದು ವರ್ಷಕ್ಕೊಮ್ಮೆ. ಉಳಿದ ದಿನಗಳೆಲ್ಲ ಸಿಗ್ನಲ್ಲಿನಲ್ಲಿ, ಕಚೇರಿಯಲ್ಲಿ, ಮೊಬೈಲಿನ ಮುಂದೆ ಕಳೆದುಹೋಗುತ್ತವೆ. ನಾನಿಲ್ಲಿ ಹೇಳಹೊರಟಿರುವುದು ಆ ಉಳಿದ ದಿನಗಳ ಬಗ್ಗೆ. ಮನೆಯಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ ಒಂದು ಜಾಗವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ಮೂಲೆಗೆ ಹೋಗಿ ಕುಳಿತುಕೊಳ್ಳುವ ರೂಢಿಯಿಂದ ನನಗೆ ಸಿಕ್ಕಿದ ನೆಮ್ಮದಿ, ಹಣ ಸುರಿದು ಹೋಗಿ ಬಂದ ಪ್ರವಾಸಗಳಿಂದ ಸಿಕ್ಕಿರಲಿಲ್ಲ. ಆದ್ದರಿಂದ ಈ ಬರಹದ ಬಹುಭಾಗ ಅಂಥ ಒಂದು ಜಾಗವನ್ನು ಹುಡುಕುವುದು ಹೇಗೆ, ಹುಡುಕಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೇ ಮೀಸಲು. ದೂರದ ಊರುಗಳ ಮಾತು ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಈ ತೀರ್ಮಾನಕ್ಕೆ ನಾನು ಬಂದದ್ದು ಒಂದು ಕೆಟ್ಟ ವಾರಾಂತ್ಯದ ನಂತರ. ಕೆಲವು ವರ್ಷಗಳ ಹಿಂದೆ, ತಿಂಗಳುಗಟ್ಟಲೆ ನಿದ್ದೆಗೆಟ್ಟು, ಯಾರು ಏನು ಕೇಳಿದರೂ ಸಿಡುಕುವ ಸ್ಥಿತಿಗೆ ಬಂದಿದ್ದಾಗ, ಮನೆಯವರೆಲ್ಲ ಸೇರಿ ಒಂದು ಗಿರಿಧಾಮದ ರೆಸಾರ್ಟಿನಲ್ಲಿ ಎರಡು ರಾತ್ರಿಗೆ ಕೋಣೆ ಕಾದಿರಿಸಿದೆವು. ಹೋಗುವಾಗ ದಾರಿಯಲ್ಲಿ ಐದು ಗಂಟೆ ವಾಹನಗಳ ಸಾಲಿನಲ್ಲಿ ನಿಂತದ್ದಾಯಿತು. ರಾತ್ರಿ ಈಜುಕೊಳದ ಪಕ್ಕದಲ್ಲಿ ಇನ್ಯಾವುದೋ ಕಂಪನಿಯವರ ಸಂತೋಷಕೂಟವಿದ್ದು, ಧ್ವನಿವರ್ಧಕದ ಸದ್ದಿಗೆ ಕೋಣೆಯ ಕಿಟಕಿಯ ಗಾಜು ಅದುರುತ್ತಿತ್ತು. ಸೋಮವಾರ ಬೆಳಿಗ್ಗೆ ಮೊದಲಿಗಿಂತ ಹೆಚ್ಚು ದಣಿದು ಕೆಲಸಕ್ಕೆ ಹೋದೆ. ಅದಾದ ಮುಂದಿನ ಶನಿವಾರ ಬೇರೇನೂ ತೋಚದೆ ಬೆಳಗಿನ ಆರು ಗಂಟೆಗೆ ಲಾಲ್‌ಬಾಗಿಗೆ ಹೋಗಿ ಬಂಡೆಯ ಮೇಲೆ ಮುಕ್ಕಾಲು ಗಂಟೆ ಕುಳಿತು ಬಂದೆ. ಆ ರಾತ್ರಿ ನಿದ್ದೆ ಬಂತು.

ಮೊದಲು ನಿಮ್ಮನ್ನು ದಣಿಸುತ್ತಿರುವುದು ಯಾವುದು ಎಂದು ತಿಳಿಯಿರಿ

ಜಾಗ ಹುಡುಕುವ ಮೊದಲು ಒಂದು ವಾರ ಸಣ್ಣದೊಂದು ಟಿಪ್ಪಣಿ ಇಟ್ಟುಕೊಳ್ಳಿ. ದಿನಕ್ಕೆ ಎರಡು ಸಾಲು ಸಾಕು: ಇಂದು ತಲೆ ಸಿಡಿಯುವಂತೆ ಆದದ್ದು ಯಾವಾಗ, ಆಗ ಸುತ್ತ ಏನಿತ್ತು. ಕೆಲವರನ್ನು ಹಿಂಡುವುದು ಸದ್ದು, ಕೆಲವರನ್ನು ಜನಜಂಗುಳಿ. ಇನ್ನು ಕೆಲವರಿಗೆ ಸದ್ದೂ ಜನರೂ ಅಷ್ಟು ಬಾಧಿಸುವುದಿಲ್ಲ. ಗಳಿಗೆಗೊಮ್ಮೆ ಗುನುಗುವ ಫೋನು ಮತ್ತು ಯಾರಾದರೊಬ್ಬರು ತಮ್ಮನ್ನು ಕೇಳುತ್ತಲೇ ಇರುತ್ತಾರೆಂಬ ಭಾವನೆ ಅವರನ್ನು ಹಿಂಡುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳನ್ನೋ ಹಾಸಿಗೆ ಹಿಡಿದ ಹಿರಿಯರನ್ನೋ ನೋಡಿಕೊಳ್ಳುವವರಿಗೆ ಬೇಕಾಗಿರುವುದು ಬಹಳ ಸಲ ಮೌನವಲ್ಲ, ಯಾರೂ ಕರೆಯದ ಒಂದು ಗಂಟೆ. ಸದ್ದಿನಿಂದ ಬಳಲುವವರಿಗೆ ಕೆರೆಯ ಏರಿ ಒಳ್ಳೆಯದು, ಜನರಿಂದ ಬಳಲುವವರಿಗೆ ವಾರದ ನಡುವಿನ ದಿನ ಒಳ್ಳೆಯದು, ಕರೆಗಳಿಂದ ಬಳಲುವವರಿಗೆ ಗ್ರಂಥಾಲಯದ ಓದುಕೋಣೆಯೇ ಸಾಕಾಗಬಹುದು. ಕಾರಣ ತಿಳಿಯದೆ ಹೊರಟರೆ ಕಾಡಿನ ನಡುವೆ ಕುಳಿತೂ ಮೊಬೈಲಿಗೆ ಸಿಗ್ನಲ್ ಬರುತ್ತಿದೆಯೇ ಎಂದು ನೋಡುತ್ತಿರುತ್ತೇವೆ.

ಸದ್ದಿನ ವಿಷಯದಲ್ಲಿ ಒಂದು ಅಂದಾಜು ಇರಲಿ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಗಳಲ್ಲಿ ಹಗಲಿಗೆ 50, ರಾತ್ರಿಗೆ 40. ಡೆಸಿಬಲ್ ಲೆಕ್ಕ ನಮ್ಮ ಸಾಮಾನ್ಯ ಕೂಡುವ ಲೆಕ್ಕದಂತಲ್ಲ. ಹತ್ತು ಡೆಸಿಬಲ್ ಏರಿದರೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ಸದ್ದು ಅಳೆಯುವ ಉಚಿತ ಆ್ಯಪ್‌ಗಳು ಮೊಬೈಲಿಗೆ ಸಿಗುತ್ತವೆ. ಅವು ಕರಾರುವಾಕ್ಕಾಗಿರುವುದಿಲ್ಲವಾದರೂ, ನಿಮ್ಮ ಮಲಗುವ ಕೋಣೆಯನ್ನೂ ಒಂದು ಉದ್ಯಾನದ ಮೂಲೆಯನ್ನೂ ಹೋಲಿಸಿ ನೋಡಲು ಸಾಕು. ಒಂದೇ ಉದ್ಯಾನದಲ್ಲಿ ರಸ್ತೆಯ ಬದಿಯ ಬೆಂಚಿಗೂ ಇನ್ನೂರು ಹೆಜ್ಜೆ ಒಳಗಿನ ಬೆಂಚಿಗೂ ಇರುವ ವ್ಯತ್ಯಾಸ ನಿಮ್ಮನ್ನು ಬೆರಗುಗೊಳಿಸುತ್ತದೆ.

ಅರ್ಧ ಗಂಟೆಯ ಸುತ್ತಳತೆಯಲ್ಲಿ ಹುಡುಕಿ

ಭೂಪಟದಲ್ಲಿ ನಿಮ್ಮ ಮನೆಯನ್ನು ಗುರುತಿಸಿ, ನಡೆದು, ಮೆಟ್ರೊ ಹಿಡಿದು ಅಥವಾ ಒಂದೇ ಬಸ್ಸಿನಲ್ಲಿ ಅರ್ಧ ಗಂಟೆಗೆ ತಲುಪಬಹುದಾದ ಹಸಿರು ತುಣುಕು, ಕೆರೆ, ಬಂಡೆ, ಹಳೆಯ ದೇವಸ್ಥಾನ, ಆಶ್ರಮ, ಗ್ರಂಥಾಲಯ ಎಲ್ಲವನ್ನೂ ಪಟ್ಟಿ ಮಾಡಿ. ಅರ್ಧ ಗಂಟೆ ಎನ್ನುವುದಕ್ಕೆ ಕಾರಣವಿದೆ. ಅದಕ್ಕಿಂತ ದೂರದ ಜಾಗಕ್ಕೆ ಹೋಗುವುದು ಒಂದು ಕಾರ್ಯಕ್ರಮವಾಗುತ್ತದೆ. ಕಾರ್ಯಕ್ರಮವಾದ ಮೇಲೆ ಮಳೆ ಬಂದರೆ, ನೆಂಟರು ಬಂದರೆ, ತಡವಾಗಿ ಎದ್ದರೆ ಅದು ತಪ್ಪುತ್ತದೆ. ಪಟ್ಟಿಯಲ್ಲಿ ಮೂರು ಜಾಗ ಉಳಿಯುವವರೆಗೆ ಸೋಸಿ, ಆ ಮೂರಕ್ಕೂ ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿ. ಭಾನುವಾರ ಸಂಜೆ ಜಾತ್ರೆಯಂತಿರುವ ಜಾಗವೇ ಬುಧವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತದೆ.

ದಕ್ಷಿಣ ಮತ್ತು ಮಧ್ಯ ಬೆಂಗಳೂರಿನವರಿಗೆ ನಾನು ಮೊದಲು ಹೇಳುವುದು ಲಾಲ್‌ಬಾಗನ್ನೇ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಈಗ 240 ಎಕರೆಯಷ್ಟಿದೆ. ಜನರೆಲ್ಲ ಗಾಜಿನ ಮನೆಯ ಸುತ್ತ, ಹೂವಿನ ಗಡಿಯಾರದ ಸುತ್ತ ಸೇರುತ್ತಾರೆ; ಕೆರೆಯ ಆಚೆ ಬದಿಯಲ್ಲಿ ವಾರದ ದಿನಗಳಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ನೋಡುತ್ತ ಒಂದು ಗಂಟೆ ಒಬ್ಬರೇ ಕುಳಿತಿರಬಹುದು. ನನ್ನ ಮೂಲೆ ಕೆಂಪೇಗೌಡ ಗೋಪುರವಿರುವ ಬಂಡೆಯ ಕೆಳ ಇಳಿಜಾರಿನಲ್ಲಿದೆ. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಬಗ್ಗಿ ನೋಡಿದರೆ ಬೂದು ಮತ್ತು ಬಿಳಿ ಪಟ್ಟೆಗಳು ಕಲಸಿದ ಹಿಟ್ಟಿನಂತೆ ಮಡಿಚಿಕೊಂಡು ಸಾಗುವುದು ಕಾಣುತ್ತದೆ. ಡಿಸೆಂಬರಿನಲ್ಲಿ ಆರೂವರೆಗೆ ಅಂಗೈ ಊರಿದರೆ ಚಳಿ ಮೊಣಕೈವರೆಗೆ ಏರುತ್ತದೆ. ಎಂಟಾಗುವ ಹೊತ್ತಿಗೆ ಅದೇ ಕಲ್ಲು ಬೆಚ್ಚಗಾಗಿರುತ್ತದೆ. ಆ ಒಂದೂವರೆ ಗಂಟೆಯಲ್ಲಿ ಕಲ್ಲು ಬೆಚ್ಚಗಾಗುವುದನ್ನು ಅಂಗೈಯಲ್ಲಿ ಗಮನಿಸುತ್ತ ಕೂರುವುದೇ ನನ್ನ ಬೆಳಗಿನ ಕೆಲಸ. ಬೇರೆ ಧ್ಯಾನ ನನಗೆ ತಿಳಿಯದು. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮದ ಗೇಟು ಹತ್ತಿರ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಇತ್ತ ಬರಬೇಡಿ. ಆ ಎರಡು ಅವಧಿಗೆ ಬೇರೊಂದು ಜಾಗ ಕೈಯಲ್ಲಿರಲಿ.

ಆ ಬೇರೊಂದು ಜಾಗ ನನಗೆ ಬಸವನಗುಡಿಯಲ್ಲಿದೆ. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠದ ಒಳಗೆ ಕಾಲಿಟ್ಟ ಕೂಡಲೇ ರಸ್ತೆಯ ಸದ್ದು ಮರಗಳ ಆಚೆ ಉಳಿದುಬಿಡುತ್ತದೆ. ಅಲ್ಲಿಯೂ ಒಂದು ಬಂಡೆಯಿದೆ. 1911ರಲ್ಲಿ ಬೆಂಗಳೂರಿಗೆ ಬಂದಿದ್ದ ಶಾರದಾದೇವಿಯವರು ಅದರ ಮೇಲೆ ಕುಳಿತು ಜಪ ಮಾಡಿದ್ದರೆಂಬ ಕಾರಣಕ್ಕೆ ಅದನ್ನು ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಭಕ್ತರಲ್ಲದವರೂ ಹೋಗಿ ಕೂರಬಹುದು, ಯಾರೂ ಏನೂ ಕೇಳುವುದಿಲ್ಲ. ನಾವು ಮಾತನಾಡದಿದ್ದರೆ ಸಾಕು. ಅಲ್ಲಿಂದ ಸ್ವಲ್ಪ ದೂರದ ಕಹಳೆ ಬಂಡೆ ಉದ್ಯಾನವೂ ಇದೇ ಜಾತಿಯದು, ಆದರೆ ಸಂಜೆ ಜನ ಹೆಚ್ಚು. ಬಿ.ಪಿ. ವಾಡಿಯ ರಸ್ತೆಯಲ್ಲಿ 1945ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯ, ಮಳೆಗಾಲದ ಮಧ್ಯಾಹ್ನಗಳಿಗೆ ಹೇಳಿ ಮಾಡಿಸಿದ ಜಾಗ.

ಕಬ್ಬನ್ ಪಾರ್ಕಿನ ವಿಷಯದಲ್ಲಿ ಎರಡು ಮಾತು. ಭಾನುವಾರ ಒಳರಸ್ತೆಗಳಲ್ಲಿ ವಾಹನ ಸಂಚಾರವಿರುವುದಿಲ್ಲವೆಂಬುದು ನಿಜ, ಆದರೆ ಅಂದು ಊರೇ ಅಲ್ಲಿರುತ್ತದೆ. ಬಿದಿರುಮೆಳೆಗಳ ಕಡೆ ವಾರದ ದಿನ ಬೆಳಿಗ್ಗೆ ಹೋಗಿ. ಶನಿವಾರಗಳಂದು ಹುಲ್ಲಿನ ಮೇಲೆ ಸೇರಿ ತಮ್ಮ ತಮ್ಮ ಪುಸ್ತಕವನ್ನು ಮೌನವಾಗಿ ಓದುವ 'ಕಬ್ಬನ್ ರೀಡ್ಸ್' ಎಂಬ ಬಳಗವೊಂದು 2023ರಿಂದ ನಡೆದುಬಂದಿದೆ. ಒಬ್ಬರೇ ಕೂರಲು ಹಿಂಜರಿಯುವವರಿಗೆ, ವಿಶೇಷವಾಗಿ ಒಬ್ಬರೇ ಕುಳಿತಾಗ ಯಾರಾದರೂ ಬಂದು ಕಾಡುವರೆಂಬ ಅಂಜಿಕೆಯಿರುವ ಹೆಣ್ಣುಮಕ್ಕಳಿಗೆ, ನೂರಾರು ಜನರ ನಡುವೆ ಯಾರೂ ಮಾತನಾಡಿಸದೆ ಇರಬಹುದಾದ ಇಂಥ ಏರ್ಪಾಡು ಬಹಳ ದೊಡ್ಡ ಅನುಕೂಲ. ಅಲ್ಲೇ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಎತ್ತರದ ಮಾಳಿಗೆಯ ಕೆಳಗೆ ಪತ್ರಿಕೆಯ ಹಾಳೆ ಮಗುಚುವ ಸದ್ದಷ್ಟೇ ಕೇಳುತ್ತ ಕುಳಿತಿರಬಹುದು.

ಉತ್ತರದ ಕಡೆಯವರಿಗೆ ಜಕ್ಕೂರು ಕೆರೆ. ಸುಮಾರು 160 ಎಕರೆಯ ಈ ಕೆರೆಗೆ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕವನ್ನು, ಆಮೇಲೆ ಜೊಂಡು ಬೆಳೆದ ಜೌಗನ್ನು ಹಾದು ಬರುವಂತೆ ಮಾಡಿದ್ದಾರೆ. ಚಳಿಗಾಲದ ಬೆಳಗಿನಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ತೇಲುವುದನ್ನು ಅಲ್ಲಿ ನೋಡಬೇಕು. ಸರ್ಜಾಪುರ ರಸ್ತೆಯವರಿಗೆ ಕೈಕೊಂಡ್ರಹಳ್ಳಿ ಕೆರೆಯಿದೆ, ಜೆ.ಪಿ. ನಗರದ ಕಡೆಯವರಿಗೆ ಪುಟ್ಟೇನಹಳ್ಳಿ ಕೆರೆಯಿದೆ. ಸುತ್ತಲಿನ ನಿವಾಸಿಗಳೇ ಮುಂದೆ ನಿಂತು ಈ ಕೆರೆಗಳನ್ನು ಉಳಿಸಿಕೊಂಡರೆಂಬುದನ್ನು ನೆನೆದರೆ, ಅಲ್ಲಿ ಕೂರುವಾಗ ಒಂದು ಕೃತಜ್ಞತೆ ತಾನಾಗಿ ಬರುತ್ತದೆ. ಕನಕಪುರ ರಸ್ತೆಯ ತುರಹಳ್ಳಿ ಕಾಡು ಚೆಲುವಾದದ್ದೇ, ಆದರೆ ಅಲ್ಲಿಗೆ ಒಬ್ಬರೇ ಹೋಗಬಾರದು, ಕತ್ತಲಾಗುವ ಮೊದಲೇ ಹೊರಬಂದಿರಬೇಕು. ಉದ್ಯಾನ, ಕೆರೆಗಳ ಬಾಗಿಲು ತೆರೆಯುವ ಮುಚ್ಚುವ ಸಮಯ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಮೊದಲ ಭೇಟಿಯಲ್ಲಿಯೇ ಗೇಟಿನ ಫಲಕವನ್ನು ನೋಡಿಕೊಂಡು ಬನ್ನಿ.

ನಿಮ್ಮ ಬಡಾವಣೆಯ ಹತ್ತಿರ ಇವು ಯಾವುವೂ ಇಲ್ಲದಿರಬಹುದು. ಆಗಲೂ ಒಂದು ಹಳೆಯ ಅರಳಿಕಟ್ಟೆ ಸಿಕ್ಕೀತು. ಬೆಂಗಳೂರು ನುಂಗಿಕೊಂಡ ಹಳ್ಳಿಗಳ ನಡುಮಧ್ಯದಲ್ಲಿ, ಅಪಾರ್ಟ್‌ಮೆಂಟುಗಳ ಹಿಂದೆ, ನಾಗರಕಲ್ಲುಗಳಿರುವ ಕಟ್ಟೆಗಳು ಇಂದಿಗೂ ಉಳಿದಿವೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಲ್ಲಿ ಒಬ್ಬಿಬ್ಬರು ಮುದುಕರನ್ನು ಬಿಟ್ಟರೆ ಯಾರೂ ಇರುವುದಿಲ್ಲ.

ಮೂಲೆಯನ್ನು ಆರಿಸುವಾಗ ನೋಡಬೇಕಾದದ್ದು

ಜಾಗ ಗೊತ್ತಾದ ಮೇಲೆ ಅದರೊಳಗೆ ಕೂರುವ ಮೂಲೆಯನ್ನು ಗೊತ್ತುಮಾಡಿಕೊಳ್ಳಬೇಕು, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೆನ್ನಿಗೆ ಮರವೋ ಗೋಡೆಯೋ ಇರಬೇಕು. ಬೆನ್ನ ಹಿಂದೆ ಜನ ಓಡಾಡುವ ಕಡೆ ಮನಸ್ಸು ನಿಲ್ಲುವುದಿಲ್ಲ. ಕಣ್ಣಿಗೆ ದೂರ ಬೇಕು: ದಿನವಿಡೀ ಒಂದು ಮೊಳ ದೂರದ ಪರದೆಯನ್ನು ನೋಡಿದ ಕಣ್ಣಿಗೆ ಕೆರೆಯ ಆಚೆ ದಡವೋ ಬಯಲಿನ ಕೊನೆಯ ಮರವೋ ಸಿಕ್ಕರೆ ಹುಬ್ಬುಗಳ ಗಂಟು ತಾನೇ ಸಡಿಲವಾಗುತ್ತದೆ. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಸಿಗುತ್ತದೆಯೇ, ಕಾವಲುಗಾರರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ. ಹೆಣ್ಣುಮಕ್ಕಳು ಪೂರ್ತಿ ನಿರ್ಜನವಾದ ಮೂಲೆಗಿಂತ, ವಾಯುವಿಹಾರದ ಹಾದಿಯಿಂದ ಕಾಣುವ ಆದರೆ ಹಾದಿಗೆ ಅಂಟಿಕೊಂಡಿರದ ಬೆಂಚನ್ನು ಆರಿಸುವುದು ಒಳ್ಳೆಯದು. ಪ್ರತಿವಾರ ಅದೇ ಹೊತ್ತಿಗೆ ಹೋಗುವುದರಿಂದ ಹೂ ಕಟ್ಟುವವರು, ಕಸ ಗುಡಿಸುವವರು, ದಿನವೂ ನಡೆಯಲು ಬರುವ ಹಿರಿಯರು ಮುಖಪರಿಚಯದವರಾಗುತ್ತಾರೆ, ಆ ಪರಿಚಯವೇ ಒಂದು ರಕ್ಷಣೆ.

ಹೊತ್ತಿನ ಮಾತಿಗೆ ಬಂದರೆ, ಬೆಳಗಿನ ಆರರಿಂದ ಏಳೂವರೆ ಎಲ್ಲಕ್ಕಿಂತ ಮೇಲು. ರಾತ್ರಿ ಪಾಳಿಯವರಿಗೆ ಅದು ಆಗದು. ಅವರಿಗೆ ಮಧ್ಯಾಹ್ನ ಮೂರರ ಹೊತ್ತಿನ ಗ್ರಂಥಾಲಯವೋ ಆಶ್ರಮದ ಸಂಜೆಯೋ ಒಗ್ಗೀತು.

ಕುಳಿತಾಗ ಏನು ಮಾಡಬೇಕು

ಫೋನನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಹಿರಿಯರಿದ್ದಾಗ ಅದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಇಬ್ಬರು ಮೂವರ ಕರೆ ಮಾತ್ರ ಬರುವಂತೆ 'ಡು ನಾಟ್ ಡಿಸ್ಟರ್ಬ್' ಹಾಕಿ, ಫೋನನ್ನು ಚೀಲದ ತಳಕ್ಕೆ ಇಡಿ. ಜೇಬಿನಲ್ಲಿದ್ದರೆ ಕೈ ತಾನಾಗಿ ಹೋಗುತ್ತದೆ, ಚೀಲದ ತಳದಲ್ಲಿದ್ದರೆ ತೆಗೆಯುವಷ್ಟರಲ್ಲಿ ಎಚ್ಚರ ಬರುತ್ತದೆ.

ಮೊದಲ ಇಪ್ಪತ್ತು ನಿಮಿಷ ಚಡಪಡಿಕೆ ಇದ್ದೇ ಇರುತ್ತದೆ. ಕಳಿಸದೆ ಬಿಟ್ಟ ಇಮೇಲು, ಕಟ್ಟಬೇಕಾದ ಬಿಲ್ಲು, ಯಾರೋ ಆಡಿದ ಮಾತು, ಎಲ್ಲವೂ ಸಾಲುಗಟ್ಟಿ ಬರುತ್ತವೆ. ಎದ್ದು ಹೋಗಬೇಕೆನಿಸುವುದೂ ಆಗಲೇ. ಆ ಇಪ್ಪತ್ತು ನಿಮಿಷವನ್ನು ದಾಟಿಸಲು ಕೈಗೆ ಅಥವಾ ಕಿವಿಗೆ ಒಂದು ಸಣ್ಣ ಕೆಲಸ ಕೊಡಿ. ನಾನು ಹೊಸಬರಿಗೆ ಹೇಳುವುದು ಸದ್ದುಗಳನ್ನು ದೂರದಿಂದ ಹತ್ತಿರಕ್ಕೆ ಎಣಿಸುವುದನ್ನು: ಮೊದಲು ಎಲ್ಲಕ್ಕಿಂತ ದೂರದ ಬಸ್ಸಿನ ಮೊರೆತ, ಅದಕ್ಕಿಂತ ಈಚೆ ಯಾರದೋ ನಗು, ಇನ್ನೂ ಈಚೆ ಕುಟ್ರುಹಕ್ಕಿಯ ಕುಟುರ್ ಕುಟುರ್, ತಲೆಯ ಮೇಲೆ ಎಲೆಗಳ ಸರಪರ, ಕೊನೆಗೆ ನಿಮ್ಮದೇ ಉಸಿರು. ಎಣಿಕೆ ತಪ್ಪಿದರೆ ಮತ್ತೆ ದೂರದಿಂದ ಆರಂಭಿಸಿ. ಪುಸ್ತಕ ತರಬಹುದು, ಹೆಣಿಗೆ ತರಬಹುದು, ಚಿತ್ರ ಬರೆಯಬಹುದು. ಕಿವಿಗೆ ಇಯರ್‌ಫೋನ್ ಮಾತ್ರ ಬೇಡ, ಏಕೆಂದರೆ ಅದನ್ನು ಹಾಕಿಕೊಂಡ ಮೇಲೆ ಮನೆಯ ಸೋಫಾಕ್ಕೂ ಈ ಮರದ ಬುಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಎಷ್ಟು ಹೊತ್ತು ಸಾಕು ಎಂಬ ಪ್ರಶ್ನೆಗೆ ಒಂದು ಒಳ್ಳೆಯ ಸುಳಿವಿದೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತನ್ನು ಹಸಿರಿನ ನಡುವೆ ಕಳೆದವರು, ಹಾಗೆ ಕಳೆಯದವರಿಗಿಂತ ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆಯೆಂದು ಹೇಳುವ ಸಾಧ್ಯತೆ ಹೆಚ್ಚೆಂದು ಕಂಡುಬಂತು. ಆ ಎರಡು ಗಂಟೆಯನ್ನು ಒಮ್ಮೆಲೇ ಕಳೆದರೂ, ತುಂಡು ತುಂಡಾಗಿ ಕಳೆದರೂ ಫಲಿತಾಂಶ ಒಂದೇ ಬಗೆಯಾಗಿತ್ತು. ನೆಮ್ಮದಿಯಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆಂಬ ಸಾಧ್ಯತೆಯನ್ನು ಇಂಥ ಅಧ್ಯಯನ ಪೂರ್ತಿ ತಳ್ಳಿಹಾಕಲಾರದು. ಆದರೂ ವಾರಕ್ಕೆ ಎರಡು ಗಂಟೆ ಎಂಬುದು ದುಡಿಯುವವರಿಗೂ ನಿಲುಕುವ ಅಳತೆ. ಶನಿವಾರ ಒಂದೂವರೆ ಗಂಟೆ, ನಡುವೆ ಒಂದು ದಿನ ಅರ್ಧ ಗಂಟೆ ಎಂದು ಹಂಚಿಕೊಳ್ಳಿ. ಹತ್ತು ವಾರ ಬಿಡದೆ ಮಾಡಿ ನೋಡಿದ ಮೇಲೆಯೇ ಇದು ನಮಗಾಗುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕು. ಮೂರನೆಯ ವಾರದಲ್ಲಿ ಎಲ್ಲರಿಗೂ ಬೇಸರವಾಗುತ್ತದೆ.

ತಿಂಗಳಿಗೊಂದು ದಿನ ರೈಲು ಹತ್ತಿ

ವಾರದ ರೂಢಿ ನೆಲೆ ನಿಂತ ಮೇಲೆ ತಿಂಗಳಿಗೊಂದು ಪೂರ್ತಿ ದಿನವನ್ನು ಹೊರಗೆ ಕಳೆಯುವುದು ಒಳ್ಳೆಯದು, ಮತ್ತು ಆ ದಿನ ಕಾರನ್ನು ತೆಗೆಯಬಾರದೆಂಬುದು ನನ್ನ ಗಟ್ಟಿಯಾದ ಸಲಹೆ. ದಣಿವಿನ ಅರ್ಧ ಪಾಲು ಬರುವುದೇ ಓಡಿಸುವುದರಿಂದ. ವಾರಾಂತ್ಯದ ನಸುಕಿನಲ್ಲಿ ನಂದಿ ಬೆಟ್ಟದ ಬುಡದಲ್ಲಿ ನಿಂತ ವಾಹನಗಳ ಸಾಲನ್ನು ಕಂಡವರು ಇದನ್ನು ಒಪ್ಪುತ್ತಾರೆ.

ಆ ಸಾಲಿನಲ್ಲಿ ನಿಲ್ಲುವ ಬದಲು ಯಲಹಂಕ, ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿದು 'ನಂದಿ ಹಾಲ್ಟ್' ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಒಂದೂವರೆ ಕಿಲೋಮೀಟರಿನಷ್ಟು ನಡೆದರೆ ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಾಲಯವಿದೆ. ಕ್ರಿ.ಶ. 806ರ ಶಾಸನದ ಉಲ್ಲೇಖವಿರುವ, ನೊಳಂಬರ ಕಾಲದಿಂದ ವಿಜಯನಗರದ ಕಾಲದವರೆಗೆ ಬೆಳೆಯುತ್ತ ಬಂದ ಈ ದೇವಾಲಯದ ಕಲ್ಯಾಣಮಂಟಪದ ಕಪ್ಪುಕಲ್ಲಿನ ಕಂಬಗಳನ್ನು, ಅವುಗಳ ಮೇಲಿನ ಬಳ್ಳಿ ಮತ್ತು ಗಿಳಿಗಳ ಕೆತ್ತನೆಯನ್ನು ನೋಡಿಯಾದ ಮೇಲೆ, ಜನರೆಲ್ಲ ಹೊರಟುಹೋಗುತ್ತಾರೆ. ನೀವು ಹೊರಡಬೇಡಿ. ಪ್ರಾಕಾರದ ಒಳಗಿನ ಶೃಂಗಿ ತೀರ್ಥವೆಂಬ ಕಲ್ಯಾಣಿಯ ಕಡೆಗೆ ಹೋಗಿ. ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲುಗಳ ಮೇಲೆ ಸುತ್ತಲೂ ಕಂಬಸಾಲಿನ ನೆರಳು. ನಾನು ಕಳೆದ ಸಲ ಹೋದಾಗ ಗಿಳಿಹಿಂಡೊಂದು ಗೋಡೆಯ ಈ ತುದಿಯಿಂದ ಆ ತುದಿಗೆ ಹಾರುತ್ತಿತ್ತು. ಒಬ್ಬ ಅಜ್ಜಿ ತೆಂಗಿನ ಗರಿಯ ಕಡ್ಡಿಪೊರಕೆಯಿಂದ ಅಂಗಳ ಗುಡಿಸುತ್ತ ಬಂದು, ನಾನು ಕುಳಿತ ಮೆಟ್ಟಿಲಿನ ಸುತ್ತ ಗುಡಿಸಿ, "ಎದ್ದೇಳ್ಬೇಡಿ, ಕೂತ್ಕೊಳ್ಳಿ" ಎಂದು ಹೇಳಿ ಮುಂದೆ ಹೋದರು. ಶಿವರಾತ್ರಿ ಮತ್ತು ಕಾರ್ತಿಕ ಸೋಮವಾರಗಳನ್ನು ಬಿಟ್ಟು ಬೇರೆ ದಿನ ಹೋಗಿ. ರೈಲುಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಹಿಂತಿರುಗುವ ಗಾಡಿಯ ವೇಳೆಯನ್ನು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ. ಊಟದ ಬುತ್ತಿ, ನೀರು, ಕೂರಲು ಒಂದು ಟವೆಲ್ ಜೊತೆಗಿರಲಿ.

ಮಕ್ಕಳನ್ನು ಕರೆದೊಯ್ಯುವವರಿಗೆ ರಾಮೋಹಳ್ಳಿ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದಮರ ಹೆಚ್ಚು ಒಪ್ಪುತ್ತದೆ. ನಾನೂರು ವರ್ಷದ್ದೆಂದು ಹೇಳುವ ಆ ಮರ ಸುಮಾರು ಮೂರು ಎಕರೆ ಹರಡಿಕೊಂಡಿದೆ. ಮೂಲ ಬೊಡ್ಡೆ ರೋಗದಿಂದ ನಾಶವಾದರೂ ಬಿಳಲುಗಳು ಮರವನ್ನು ಹೊತ್ತು ನಿಂತಿವೆ. ವಾರದ ನಡುವೆ ಹೋಗಿ. ಕೋತಿಗಳಿವೆ, ತಿಂಡಿ ಕೈಯಲ್ಲಿ ಹಿಡಿಯಬೇಡಿ.

ವರ್ಷಕ್ಕೊಮ್ಮೆ ದೂರ ಹೋಗುವುದಾದರೆ

ಎರಡು ಮೂರು ರಾತ್ರಿ ಉಳಿಯಲು ನಾನು ಮೇಲುಕೋಟೆಯನ್ನು ಸೂಚಿಸುತ್ತೇನೆ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್ ದೂರದ, ರಾಮಾನುಜಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಈ ಊರು ಸಂಜೆಯಾದ ಮೇಲೆ ಬೇಗನೆ ಮಲಗುತ್ತದೆ. ಹಗಲು ಬರುವ ಪ್ರವಾಸಿಗಳು ಚೆಲುವನಾರಾಯಣನ ದರ್ಶನ ಮಾಡಿ, ಯೋಗನರಸಿಂಹನ ಬೆಟ್ಟ ಹತ್ತಿಳಿದು, ಪುಳಿಯೋಗರೆ ತಿಂದು ಹೊರಡುತ್ತಾರೆ. ಉಳಿದವರಿಗೆ ಕಲ್ಯಾಣಿಯ ಮೆಟ್ಟಿಲೂ ರಾಯಗೋಪುರದ ಅರ್ಧ ಕಟ್ಟಿದ ಕಂಬಗಳ ನಡುವಿನ ಗಾಳಿಯೂ ಸಿಗುತ್ತವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುವ ವೈರಮುಡಿ ಉತ್ಸವದ ದಿನಗಳಲ್ಲಿ ಲಕ್ಷಾಂತರ ಜನ ಸೇರುತ್ತಾರಾದ್ದರಿಂದ ಅದನ್ನು ಬೇರೆಯೇ ಉದ್ದೇಶಕ್ಕೆ ಇಟ್ಟುಕೊಳ್ಳಿ.

ಮಲೆನಾಡಿನ ಹೋಂಸ್ಟೇಗಳಿಗೆ ಹೋಗುವವರು ಕಾದಿರಿಸುವ ಮೊದಲು ಫೋನಿನಲ್ಲಿ ನೇರವಾಗಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ: ಒಮ್ಮೆಗೆ ಎಷ್ಟು ಕುಟುಂಬಗಳನ್ನು ಇಟ್ಟುಕೊಳ್ಳುತ್ತೀರಿ, ಮನೆಯವರು ಅಲ್ಲಿಯೇ ವಾಸವಾಗಿದ್ದಾರೆಯೇ, ಹೊರಗೆ ಹಾಡು ಹಾಕಲು ಬಿಡುತ್ತೀರಾ, ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತೀರಿ. "ಹಾಡಿಗೇನೂ ತೊಂದರೆಯಿಲ್ಲ ಸಾರ್, ಕ್ಯಾಂಪ್‌ಫೈರೂ ಮಾಡಿಕೊಡ್ತೀವಿ" ಎಂಬ ಉತ್ತರ ಬಂದರೆ ಧನ್ಯವಾದ ಹೇಳಿ ಬೇರೆ ಕಡೆ ವಿಚಾರಿಸಿ. ಆ ಪ್ರಶ್ನೆಗಳನ್ನು ನಾನು ಮೊದಲೇ ಕೇಳಿದ್ದರೆ ಆ ಕೆಟ್ಟ ವಾರಾಂತ್ಯ ತಪ್ಪುತ್ತಿತ್ತು. ಸಾಲುರಜೆಗಳನ್ನು ಬಿಟ್ಟು, ಒಂದು ದಿನ ರಜೆ ಹಾಕಿಯಾದರೂ ವಾರದ ನಡುವೆ ಹೋಗಿ. ಮಳೆಗಾಲದಲ್ಲಿ ಹೋದರೆ ಜಿಗಣೆಗೆ ಹೆದರಬೇಡಿ, ಉಪ್ಪು ಜೊತೆಗಿರಲಿ.

ಇನ್ನೂ ಆಳವಾದ ಮೌನ ಬೇಕೆನ್ನುವವರಿಗೆ ಬೆಂಗಳೂರಿನ ಹೊರವಲಯದ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಲ್ಲಿ ಹತ್ತು ದಿನಗಳ ವಿಪಶ್ಯನ ಶಿಬಿರಗಳು ನಡೆಯುತ್ತವೆ. ಶುಲ್ಕವಿಲ್ಲ, ಹಿಂದೆ ಶಿಬಿರ ಮುಗಿಸಿದವರ ದಾನದಿಂದ ನಡೆಯುತ್ತವೆ; ಫೋನನ್ನು ಮೊದಲ ದಿನವೇ ಒಪ್ಪಿಸಬೇಕು, ಮಾತನಾಡುವಂತಿಲ್ಲ. ಇದು ವಿಶ್ರಾಂತಿಯಲ್ಲ, ಕಠಿಣವಾದ ಅಭ್ಯಾಸ. ಮನಸ್ಸು ತೀರಾ ಕುಗ್ಗಿರುವಾಗ ವೈದ್ಯರನ್ನು ಕೇಳದೆ ಸೇರಬೇಡಿ.

ಜಾಗದಿಂದ ಆಗದ ಕೆಲಸ

ಹತ್ತು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡವೆನ್ನುವ ಯೋಚನೆ ಒಮ್ಮೆ ಸುಳಿದರೂ, ಅದಕ್ಕೆ ಮರದ ನೆರಳು ಮದ್ದಲ್ಲ. ಆ ಯೋಚನೆ ಬಂದ ದಿನವೇ, ವಾರಗಳ ಲೆಕ್ಕ ಹಾಕದೆ, ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇರುವುದು ನಮ್ಮ ಭಾಗ್ಯ. ಅಲ್ಲಿನ ಹೊರರೋಗಿ ವಿಭಾಗಕ್ಕೆ ಹೋಗಲು ಸಂಕೋಚ ಪಡಬೇಕಾದದ್ದು ಏನೂ ಇಲ್ಲ.

ಯಾರನ್ನು ಜೊತೆಗೆ ಕರೆದೊಯ್ಯಬೇಕು

ಮೊದಲ ಹತ್ತು ವಾರ ಯಾರನ್ನೂ ಕರೆದುಕೊಂಡು ಹೋಗಬೇಡಿ, ಆ ಜಾಗದ ಫೋಟೊವನ್ನು ಯಾರಿಗೂ ಕಳಿಸಬೇಡಿ. ಕಳಿಸಿದ ಕೂಡಲೇ ಬರುವ ಉತ್ತರಗಳಿಗೆ ಮನಸ್ಸು ಕಾಯಲಾರಂಭಿಸುತ್ತದೆ. ಆಮೇಲೆ ಒಬ್ಬರನ್ನು ಕರೆಯಬಹುದು. ಸುಮ್ಮನಿರಲು ಬರುವವರನ್ನು, ಅಥವಾ ಸುಮ್ಮನಿರುವ ಅವಕಾಶವೇ ಸಿಗದವರನ್ನು.

ನಾನು ಕರೆದೊಯ್ದದ್ದು ಅಮ್ಮನನ್ನು. ಊರಿನಲ್ಲಿ ಜಗಲಿಯಿದ್ದ ಮನೆಯನ್ನು ಬಿಟ್ಟು ನಮ್ಮ ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ಬಂದ ಮೇಲೆ ಅವರಿಗೆ ಕಾಲು ಚಾಚಿ ಕೂರುವ ನೆಲವೇ ಸಿಕ್ಕಿರಲಿಲ್ಲ. ಬಂಡೆಯ ಏರನ್ನು ನಿಧಾನವಾಗಿ ನನ್ನ ಕೈ ಹಿಡಿದು ಹತ್ತಿದರು. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕಾಲನ್ನು ಮುಂದಕ್ಕೆ ಚಾಚಿ ಕುಳಿತರು. ಅರ್ಧ ಗಂಟೆ ಏನೂ ಮಾತಾಡಲಿಲ್ಲ. ಆಮೇಲೆ ಅಂಗೈಯಿಂದ ಕಲ್ಲನ್ನು ಒಮ್ಮೆ ಸವರಿ, "ಇಲ್ಲಿ ಹಪ್ಪಳ ಒಣಗಿಸಿದ್ರೆ ಎಷ್ಟು ಚೆನ್ನಾಗಿ ಒಣಗುತ್ತೆ, ನೋಡು" ಎಂದರು. ಮುಂದಿನ ಶನಿವಾರ ನಾನು ಏಳುವ ಮೊದಲೇ ಎದ್ದು, ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.